ಜಾಗ ಯಾರದು ಅಂತ ಮೊದಲು ಕೇಳಿ

ನೀವು ಕಳಿಸಿದ ಆಹ್ವಾನ ಪತ್ರಿಕೆಯ ಕರಡು ತಲುಪಿತು. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಮೇಲೆ ದಪ್ಪ ಅಕ್ಷರದಲ್ಲಿ ಮಹಿಳಾ ಸಂಗೀತೋತ್ಸವ. ಅದರ ಕೆಳಗೆ ಸಾಮಾಜಿಕ ಬದಲಾವಣೆಯ ಮಾತು. ಆಮೇಲೆ ಶುರುವಾಯಿತು ನೋಡಿ: ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು. ಅಷ್ಟೂ ಮುಗಿದ ಮೇಲೆ ಕಾಗದದ ಅಂಚಿನಲ್ಲಿ, ಭೂತಗನ್ನಡಿ ಹಿಡಿದು ಓದಬೇಕಾದ ಅಕ್ಷರದಲ್ಲಿ ಹಾಡುವವರ ಹೆಸರು. ಪಕ್ಕವಾದ್ಯದವರು ‘ಮತ್ತು ಸಂಗಡಿಗರು’ ಅನ್ನುವುದರಲ್ಲೇ ಮುಗಿದುಹೋಗಿದ್ದಾರೆ.

ಬೈಯೋದಕ್ಕೆ ಬರೀತಾ ಇಲ್ಲ. ನಮ್ಮಂಥ ತಾಲ್ಲೂಕು ಊರಿನಲ್ಲಿ ಹೆಣ್ಣುಮಕ್ಕಳ ಸಂಗೀತಕ್ಕೆ ಅಂತಲೇ ಮೂರು ದಿನ ಎತ್ತಿಡಬೇಕು ಅಂತ ನಿಮಗೆ ಅನ್ನಿಸಿತಲ್ಲ, ಅದೇ ದೊಡ್ಡದು. ನಾವು ನಿಮ್ಮ ವಯಸ್ಸಿನಲ್ಲಿದ್ದಾಗ ರಾಮನವಮಿ ಪೆಂಡಾಲಿನಲ್ಲಿ ಪ್ರಾರ್ಥನೆ ಹಾಡಿ ಕೆಳಗಿಳಿದು ಕೋಸಂಬರಿ ಹಂಚುತ್ತಿದ್ದವರು. ಆದರೆ ‘ಅಮ್ಮಾ, ಏನಾದರೂ ಸಲಹೆ ಕೊಡಿ’ ಅಂತ ಕೇಳಿದ್ದೀರಿ. ಹಾರ್ಮೋನಿಯಂ ಮುಂದೆ ಕೂತು ಸರಳೆ ಜಂಟಿ ಹೇಳಿಕೊಡುತ್ತಲೇ ಮುದುಕಿಯಾದವಳನ್ನು ಸಲಹೆ ಕೇಳಿದರೆ ಆಕೆ ಸುಮ್ಮನೆ ಬಿಡುತ್ತಾಳೆಯೇ? ಕೂತು ಓದಿ, ಪತ್ರ ಉದ್ದವಾಗುತ್ತದೆ.

ಸಂಗೀತ, ಹೆಣ್ಣು, ಬದಲಾವಣೆ ಈ ಮೂರನ್ನೂ ಒಂದೇ ಉಸಿರಿನಲ್ಲಿ ಯಾರಾದರೂ ಹೇಳಿದರೆ ನನಗೆ ನೆನಪಾಗುವವರು ನಮ್ಮ ನಂಜನಗೂಡಿನವರು, ಬೆಂಗಳೂರು ನಾಗರತ್ನಮ್ಮ. ಹುಟ್ಟಿದ್ದು 1878ರಲ್ಲಿ, ದೇವದಾಸಿ ಮನೆತನದಲ್ಲಿ. ಪಿಟೀಲು, ನಾಟ್ಯ, ಸಂಸ್ಕೃತ, ತೆಲುಗು, ಇಂಗ್ಲಿಷು ಎಲ್ಲ ಕಲಿತರು. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯೆ. ಮುಂದೆ ಮದರಾಸಿಗೆ ಹೋಗಿ ಹೆಸರು, ಹಣ ಎರಡನ್ನೂ ಸಂಪಾದಿಸಿದರು. ನಿಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತೋ ನಾನರಿಯೆ. ನಮ್ಮ ಪಠ್ಯಪುಸ್ತಕದಲ್ಲಂತೂ ಇರಲಿಲ್ಲ.

ತಿರುವಯ್ಯಾರಿನಲ್ಲಿ ಕಾವೇರಿ ದಡದಲ್ಲಿದ್ದ ತ್ಯಾಗರಾಜರ ಸಮಾಧಿ ಪೊದೆ ಬೆಳೆದು ಹಾಳುಬಿದ್ದಿದೆ ಅಂತ ಕೃಷ್ಣಪ್ಪನವರಿಂದ ಇವರಿಗೆ ಸುದ್ದಿ ಬಂತು. ಆಕೆ ಕಣ್ಣೀರು ಹಾಕಿಕೊಂಡು ಕೂರಲಿಲ್ಲ, ಯಾರಿಗೋ ಮನವಿ ಬರೆದು ಕಾಯಲೂ ಇಲ್ಲ. ಹೋಗಿ ಆ ಜಾಗ ಯಾರ ಹೆಸರಿನಲ್ಲಿದೆ ಅಂತ ವಿಚಾರಿಸಿದರು. ಅದನ್ನು ಕೊಂಡರು. ಒಡವೆ ಮಾರಿದರು. 1921ರಲ್ಲಿ ಶುರುವಾದ ಗುಡಿಯ ಕೆಲಸ ಮುಗಿದು 1925ರ ಜನವರಿಯಲ್ಲಿ ಪ್ರತಿಷ್ಠೆ ಆಯಿತು. ಇವತ್ತು ನೀವು ಟೀವಿಯಲ್ಲಿ ನೋಡುವ ಆರಾಧನೆಯ ಗುಡಿ ಅದೇ.

ಇನ್ನು ಮುಂದಿನದು ಕೇಳಿ. ಅಲ್ಲಿ ಪುಷ್ಯ ಬಹುಳ ಪಂಚಮಿಯ ಆರಾಧನೆಯನ್ನು ಎರಡು ಬಣಗಳು ನಡೆಸುತ್ತಿದ್ದವು. ಪೆರಿಯ ಕಚ್ಚಿ, ಚಿನ್ನ ಕಚ್ಚಿ ಅಂತ ಕರೆಯುತ್ತಿದ್ದರು, ಅಂದರೆ ದೊಡ್ಡ ಪಕ್ಷ, ಚಿಕ್ಕ ಪಕ್ಷ. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಆದರೆ ಒಂದು ವಿಷಯದಲ್ಲಿ ಎಂಥ ಒಗ್ಗಟ್ಟು: ಹೆಂಗಸರು ಹಾಡುವಂತಿಲ್ಲ. ಗುಡಿ ಕಟ್ಟಿಸಿದವಳಿಗೆ ಗುಡಿಯೆದುರು ಹಾಡಲು ಅಪ್ಪಣೆ ಇಲ್ಲ! ನಾಗರತ್ನಮ್ಮ ಅಧಿಕಾರಿಗಳಿಗೆ ಅರ್ಜಿ ಹಾಕಿದರು, ವಾದ ಮಾಡಿದರು. ಜೊತೆಗೆ ಇನ್ನೊಂದು ಕೆಲಸ ಮಾಡಿದರು. 1927ರಲ್ಲಿ ಹಾಡುವ ಹೆಂಗಸರನ್ನೆಲ್ಲ ಕೂಡಿಸಿ ಗುಡಿಯ ಹಿಂಭಾಗದಲ್ಲೇ ತಮ್ಮದೊಂದು ಆರಾಧನೆ ಶುರುಮಾಡಿಬಿಟ್ಟರು. ಜನ ಅದಕ್ಕೆ ಪೆಣ್ಗಳ್ ಕಚ್ಚಿ ಅಂತ ಹೆಸರಿಟ್ಟರು, ಹೆಂಗಸರ ಪಕ್ಷ. ಮುಂದೆ ಗಂಡಸರ ಎರಡು ಗುಂಪು, ಹಿಂದೆ ಹೆಂಗಸರದೊಂದು ಗುಂಪು, ಮಧ್ಯೆ ಪಾಪ ತ್ಯಾಗರಾಜರು. ಹದಿಮೂರು ಹದಿನಾಲ್ಕು ವರ್ಷ ಹೀಗೇ ನಡೆದು, 1940-41ರ ಹೊತ್ತಿಗೆ ಎಲ್ಲ ಬಣಗಳೂ ಒಂದಾದವು. ಹೆಣ್ಣು ಗಂಡು ಒಟ್ಟಿಗೆ ಕೂತು ಪಂಚರತ್ನ ಕೃತಿಗಳನ್ನು ಹಾಡುವುದು ಆಮೇಲಿನ ಮಾತು. ಈಗ ನೋಡುವವರಿಗೆ ಅದು ಅನಾದಿಕಾಲದಿಂದಲೂ ಹಾಗೇ ಇತ್ತೇನೋ ಅನ್ನಿಸುತ್ತದೆ.

ಈಗ ಯೋಚನೆ ಮಾಡಿ. ಆಕೆಯನ್ನು ಅಲ್ಲಿಂದ ಎಬ್ಬಿಸಿ ಕಳಿಸುವುದು ಯಾರಿಗೂ ಯಾಕೆ ಸಾಧ್ಯವಾಗಲಿಲ್ಲ? ಚೆನ್ನಾಗಿ ಹಾಡುತ್ತಿದ್ದರು ಅಂತಲೇ? ಚೆನ್ನಾಗಿ ಹಾಡುವ ಹೆಂಗಸರನ್ನು ಎಬ್ಬಿಸಿ ಕಳಿಸಿದ್ದು ನಮ್ಮ ಚರಿತ್ರೆಯ ತುಂಬ ಇದೆ. ನ್ಯಾಯ ಅವರ ಕಡೆಗಿತ್ತು ಅಂತಲೇ? ನ್ಯಾಯ ಇದ್ದೂ ಸೋತವರು ಲೆಕ್ಕವಿಲ್ಲ. ಜಾಗ ಅವರದಾಗಿತ್ತು, ಅಷ್ಟೇ. ನಿಂತ ನೆಲದ ಕಾಗದ ಪತ್ರ ಅವರ ಪೆಟ್ಟಿಗೆಯಲ್ಲಿತ್ತು. ಕೊನೆಗೆ ತಮ್ಮ ಆಸ್ತಿಯನ್ನೆಲ್ಲ ಆ ಗುಡಿಯ ಹೆಸರಿಗೇ ಉಯಿಲು ಬರೆದಿಟ್ಟರು. ಅಲ್ಲಿ ಹೆಣ್ಣುಮಕ್ಕಳು ಹಾಡಲು, ಪೂಜೆ ಮಾಡಲು ಅಡ್ಡಿ ಇರಕೂಡದು ಅನ್ನುವುದನ್ನೂ ಬರೆಸಿದರು. 1952ರಲ್ಲಿ ತೀರಿಕೊಂಡರು. ಅವರ ಸಮಾಧಿಯೂ ಅಲ್ಲೇ, ತ್ಯಾಗರಾಜರ ಗುಡಿಗೆ ಎದುರಾಗಿ ಇದೆ.

ಅದಕ್ಕೇ ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ: ನಿಮ್ಮ ಉತ್ಸವದ ಜಾಗ ಯಾರದು? ಸಮುದಾಯ ಭವನದವರು ಈ ವರ್ಷ ‘ನಮ್ಮ ಮಕ್ಕಳು’ ಅಂತ ಪುಕ್ಕಟೆ ಕೊಡುತ್ತಿದ್ದಾರೆ ಅಂದಿರಿ. ಸಂತೋಷ. ಮುಂದಿನ ವರ್ಷ ಅದೇ ತಾರೀಖಿಗೆ ಯಾರದೋ ಮದುವೆ ಆರತಕ್ಷತೆ ಬಂದರೆ? ಅಥವಾ ನೀವು ಕರೆಸಿದ ಹಾಡುಗಾರ್ತಿಯ ಜಾತಿಯೋ, ಆಕೆ ಆಡಿದ ಒಂದು ಮಾತೋ ಯಾರಿಗೋ ಹಿಡಿಸದೆ ಹೋದರೆ? ಪುಕ್ಕಟೆ ಸಿಕ್ಕಿದ್ದನ್ನು ಕೇಳಿದವರು ಕೇಳಿದಾಗ ಬಿಟ್ಟುಕೊಡಬೇಕಾಗುತ್ತದೆ. ಬಾಡಿಗೆ ಕೊಡಿ, ಕಡಿಮೆ ಆದರೂ ಸರಿ, ರಸೀತಿ ತೆಗೆದುಕೊಳ್ಳಿ. ಐದು ವರ್ಷಕ್ಕೆ ಇಂಥ ತಿಂಗಳ ಇಂಥ ವಾರ ನಮ್ಮದು ಅಂತ ಬರಹದಲ್ಲಿ ಕರಾರು ಮಾಡಿಕೊಳ್ಳಿ. ನೆಲ ಕೊಳ್ಳುವ ಶಕ್ತಿ ನಿಮಗಿಲ್ಲ, ನನಗೆ ಗೊತ್ತು. ತಾರೀಖನ್ನಾದರೂ ನಿಮ್ಮದು ಮಾಡಿಕೊಳ್ಳಿ.

ಎರಡನೆಯದು ಹೊತ್ತು. ಜಾಗಕ್ಕಿಂತ ಇದು ಸೂಕ್ಷ್ಮ, ಯಾಕೆಂದರೆ ಕಣ್ಣಿಗೆ ಕಾಣುವುದಿಲ್ಲ. ಒಂದು ಊರಿನ ಉತ್ಸವಕ್ಕೆ ಹೋಗಿದ್ದೆ, ಯಾವ ಊರು ಅಂತ ಕೇಳಬೇಡಿ. ಸಂಜೆ ಆರಕ್ಕೆ ಕಛೇರಿ ಅಂತ ಬರೆದಿದ್ದರು. ನಮ್ಮನ್ನು ಕೂಡಿಸಿದ ಗ್ರೀನ್ ರೂಮು ಅನ್ನುವುದು ಮುರಿದ ಕುರ್ಚಿ ಪೇರಿಸಿದ ಉಗ್ರಾಣ. ಹೊರಗೆ ಭಾಷಣ. ಸ್ತ್ರೀಶಕ್ತಿಯ ಬಗ್ಗೆ ಒಬ್ಬರಾದ ಮೇಲೊಬ್ಬರು ಗಂಡಸರು ಮಾತಾಡಿದರು. ಸನ್ಮಾನ, ಶಾಲು, ಹಾರ, ಫೋಟೋ, ಮತ್ತೆ ಇನ್ನೊಂದು ಸಲ ಫೋಟೋ. ಒಳಗೆ ಪಿಟೀಲಿನ ಹುಡುಗಿ ಸೆಖೆಗೆ ತಂತಿ ಇಳಿಯುತ್ತಿದೆ ಅಂತ ಮತ್ತೆ ಮತ್ತೆ ಶ್ರುತಿ ಮಾಡುತ್ತಿದ್ದಳು. ವೇದಿಕೆಗೆ ಹತ್ತಿಸಿದಾಗ ಒಂಬತ್ತು ದಾಟಿತ್ತು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ನಿಯಮವೇ ಇದೆ. ಪೊಲೀಸರು ಬಂದು ನಿಂತರು. ರಾಗ ಆಲಾಪನೆ ಎತ್ತಿಕೊಂಡದ್ದೇ ಮಂಗಳ ಹಾಡಿ ಇಳಿದೆವು. ಸಭಿಕರಲ್ಲಿ ಹೆಂಗಸರು ಆಗಲೇ ಮುಕ್ಕಾಲು ಪಾಲು ಎದ್ದು ಹೋಗಿದ್ದರು, ಕೊನೆಯ ಬಸ್ಸು ಹಿಡಿಯಬೇಕಲ್ಲ.

ಈ ಬಸ್ಸಿನ ಮಾತು ಮರೆಯಬೇಡಿ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ ಇಲ್ಲ. ದೊಡ್ಡ ಅನುಕೂಲ, ನಾನೇ ಅದರಲ್ಲಿ ಶೃಂಗೇರಿ ಹೊರನಾಡು ಸುತ್ತಿ ಬಂದೆ. ಆದರೆ ರಾತ್ರಿ ಎಂಟೂವರೆ ಮೇಲೆ ಬಸ್ಸೇ ಇಲ್ಲದ ಹಳ್ಳಿಗೆ ಉಚಿತ ಟಿಕೆಟ್ಟು ಏನು ಮಾಡೀತು? ನಿಮ್ಮ ಕಛೇರಿಯನ್ನು ಮಧ್ಯಾಹ್ನ ಮೂರೂವರೆಗೆ ಶುರುಮಾಡಿ. ಸಂಗೀತ ಸಂಜೆಯೇ ಆಗಬೇಕು ಅಂತ ಮೂಗು ಮುರಿಯುವವರು ಮುರಿಯಲಿ. ಮೂರೂವರೆಗೆ ರಾಗಗಳಿಗೇನು ಬರ? ಏಳು ಗಂಟೆಗೆ ಮುಗಿಸಿ. ಕೇಳಲು ಬಂದ ಹೆಂಗಸು ನೆಮ್ಮದಿಯಾಗಿ ಮನೆ ಸೇರಬೇಕು, ಇಲ್ಲದಿದ್ದರೆ ಎರಡನೆಯ ದಿನ ಆಕೆಯನ್ನು ಮನೆಯವರು ಕಳಿಸುವುದಿಲ್ಲ. ಭಾಷಣ ಬೇಕೇ ಬೇಕು ಅನ್ನುವುದಾದರೆ ಕಛೇರಿ ಮುಗಿದ ಮೇಲೆ ಇಟ್ಟುಕೊಳ್ಳಿ. ಎಷ್ಟು ಜನ ಅತಿಥಿಗಳು ಉಳಿಯುತ್ತಾರೆ ಅಂತ ಆಗ ಗೊತ್ತಾಗುತ್ತದೆ.

ಶೌಚಾಲಯದ ಬಗ್ಗೆ ಒಂದು ಸಾಲು ಸಾಕು: ಭವನದ ಕಡೆಯವರು ‘ಇದೆ’ ಅಂದರೆ ನಂಬಬೇಡಿ, ನೀವೇ ಹೋಗಿ ನಲ್ಲಿ ತಿರುಗಿಸಿ ನೋಡಿ, ಚಿಲಕ ಹಾಕಿ ನೋಡಿ.

ಇನ್ನು ಮೈಕು. ಇದು ತಾಂತ್ರಿಕ ವಿಷಯ, ಮುದುಕಿಗೇನು ಗೊತ್ತು ಅನ್ನಬೇಡಿ. ಗಣಪತಿ ಪೆಂಡಾಲಿನ ಮೈಕ್ ಸೆಟ್ಟಿನವನನ್ನೇ ನೀವೂ ಕರೆಸುತ್ತೀರಿ. ಹೆಣ್ಣು ದನಿ ಕೇಳಿದ ಕೂಡಲೇ ಅವನ ಕೈ ಎಕೋ ಗುಂಡಿಗೆ ಹೋಗುತ್ತದೆ. ಟ್ರೆಬಲ್ ಏರಿಸುತ್ತಾನೆ. ತಾರಸ್ಥಾಯಿಯಲ್ಲಿ ಕಿವಿ ಚುಚ್ಚುತ್ತದೆ, ಮಂದ್ರಕ್ಕೆ ಇಳಿದಾಗ ದನಿಯೇ ಮಾಯ. ಮೃದಂಗದ ಮೈಕು ಮಾತ್ರ ಗುಡುಗುತ್ತಿರುತ್ತದೆ. ಹೆಂಗಸರ ದನಿ ಅಂದರೆ ಕೀಚಲು ಅನ್ನುವ ಲೆಕ್ಕಾಚಾರ ಆ ಪೆಟ್ಟಿಗೆಯೊಳಗೇ ಕೂತುಬಿಟ್ಟಿದೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ರೆಕಾರ್ಡ್ ಹಾಕಿ ಅವನಿಗೆ ಒಂದು ಸಲ ಕೇಳಿಸಿ. ಅಂಥ ಗಂಭೀರ, ಭಾರದ ದನಿಯ ಮೇಲೆ ಎಕೋ ಸುರಿದರೆ ಏನಾಗುತ್ತದೆ ಅಂತ ಅವನೇ ಹೇಳಲಿ. ಮಧ್ಯಾಹ್ನ ಎರಡಕ್ಕೆ ಹಾಡುವವಳನ್ನೇ ಕೂಡಿಸಿ ಶಬ್ದ ಹೊಂದಿಸಿಕೊಳ್ಳಲು ಬಿಡಿ. ಆಕೆಯ ಕಡೆ ತಿರುಗಿದ ಒಂದು ಸ್ಪೀಕರ್ ಇರಲಿ, ತಂಬೂರಿ ಆಕೆಗೆ ಕೇಳಲಿ. ‘ಸಾಕು ಮೇಡಂ, ಚೆನ್ನಾಗಿದೆ’ ಅಂತ ಅವನು ಅಂದರೆ, ಸಾಕೋ ಇಲ್ಲವೋ ಹೇಳಬೇಕಾದವಳು ಹಾಡುವವಳು ಅಂತ ನಿಮ್ಮಲ್ಲೊಬ್ಬರು ಅಲ್ಲಿ ನಿಂತು ಹೇಳಿ.

ಗಂಗೂಬಾಯಿಯವರ ಹೆಸರು ಬಂತು. ಅವರು ಕುಂದಗೋಳದಲ್ಲಿದ್ದ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಒಂಟಿ ಹೆಣ್ಣು, ಹಾಡುವವಳು, ಅದೂ ಅಂಥ ಮನೆತನದವಳು ಅಂತ ಜನ ಆಡಿಕೊಳ್ಳುತ್ತಿದ್ದರು. ಅವರ ತಾಯಿ ಅಂಬಾಬಾಯಿ ಸ್ವತಃ ಹಾಡುಗಾರ್ತಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಅದೇ ಅಧಿವೇಶನದಲ್ಲಿ, ಎಳೆ ಹುಡುಗಿ ಗಂಗೂ ಹಾಡಿದ್ದರು. ದೊಡ್ಡ ವೇದಿಕೆ ಹತ್ತಿದ್ದಕ್ಕೆ ಕೇರಿಯ ಚುಚ್ಚುಮಾತೇನೂ ನಿಲ್ಲಲಿಲ್ಲ. ಆ ರೈಲು ಪ್ರಯಾಣ, ಆ ಪಾಠ, ವರ್ಷಗಟ್ಟಲೆ ಹಿಡಿದ ಹಟ, ಇವು ಗಂಗೂಬಾಯಿಯನ್ನು ಮಾಡಿದವು. ನಿಮ್ಮ ಮೂರು ದಿನ ಚೆನ್ನಾಗಿ ಆಗಲಿ. ಉಳಿದ ದಿನಗಳಲ್ಲಿ ನಮ್ಮೂರಿನ ಎಷ್ಟು ಹುಡುಗಿಯರು ಪಾಠಕ್ಕೆ ಹೋಗುತ್ತಾರೆ, ಹತ್ತನೆಯ ತರಗತಿಗೆ ಬಂದ ಕೂಡಲೇ ಎಷ್ಟು ಜನ ಬಿಡುತ್ತಾರೆ, ಮದುವೆಯಾದ ಮೇಲೆ ಎಷ್ಟು ಜನರ ತಂಬೂರಿ ಅಟ್ಟ ಸೇರುತ್ತದೆ, ಅದನ್ನು ಲೆಕ್ಕ ಹಾಕುವವರು ಯಾರೂ ಇಲ್ಲ. ನಿಮ್ಮ ಉಳಿತಾಯದ ಹಣದಲ್ಲಿ ಇಬ್ಬರು ಹುಡುಗಿಯರ ವರ್ಷದ ಪಾಠದ ಫೀಸು ಕಟ್ಟಿದರೆ ಅದನ್ನು ನಾನು ಸಾಮಾಜಿಕ ಬದಲಾವಣೆ ಅಂತ ಒಪ್ಪುತ್ತೇನೆ.

ಪಕ್ಕವಾದ್ಯದ ಬಗ್ಗೆ. ‘ಮತ್ತು ಸಂಗಡಿಗರು’ ಅಂತ ಬರೆದಿದ್ದೀರಲ್ಲ, ಆ ಸಂಗಡಿಗರು ಯಾರು? ನಾನು ಕೇಳಿ ತಿಳಿದುಕೊಂಡೆ: ಒಬ್ಬ ಹೆಂಗಸೂ ಇಲ್ಲ. ಹಾಡುವುದು ಹೆಂಗಸರದು, ತಾಳ ಗಂಡಸರದು ಅನ್ನುವ ಒಪ್ಪಂದ ಯಾವ ಶಾಸ್ತ್ರದಲ್ಲಿದೆಯೋ. ಪಾಲ್ಘಾಟ್ ಮಣಿ ಅಯ್ಯರ್ ಅಂಥ ಮಹಾ ವಿದ್ವಾಂಸರೇ ಬಹಳ ಕಾಲ ಹೆಣ್ಣುಮಕ್ಕಳ ಕಛೇರಿಗೆ ಮೃದಂಗ ನುಡಿಸುತ್ತಿರಲಿಲ್ಲ. ಕೊನೆಗೆ ಡಿ.ಕೆ. ಪಟ್ಟಮ್ಮಾಳ್ ಅವರಿಗೆ ನುಡಿಸಿದರು. ಅದು ಗಾಯಕಿಯರ ಕಥೆ. ವಾದ್ಯ ನುಡಿಸುವ ಹೆಂಗಸರದು ಇನ್ನೂ ಕಷ್ಟ. ನಮ್ಮ ಬೆಂಗಳೂರಿನ ಘಟಂ ವಿದುಷಿ ಸುಕನ್ಯಾ ರಾಮಗೋಪಾಲ್ ಅವರ ಪಕ್ಕದಲ್ಲಿ ಕೂತು ನುಡಿಸುವುದಿಲ್ಲ ಅಂದ ಮೃದಂಗದವರಿದ್ದರು. ಸುಕನ್ಯಾ ಅಲ್ಲಿಗೇ ಬಿಡಲಿಲ್ಲ, ಹೆಣ್ಣುಮಕ್ಕಳನ್ನೇ ಕೂಡಿಸಿ ಸ್ತ್ರೀ ತಾಳ ತರಂಗ ಅನ್ನುವ ತಂಡ ಕಟ್ಟಿದರು. ಶಿರಸಿಯ ಜ್ಯೋತಿ ಹೆಗಡೆ ರುದ್ರವೀಣೆ ಹಿಡಿದಾಗಲೂ ಅದು ಹೆಂಗಸರು ನುಡಿಸುವ ವಾದ್ಯವಲ್ಲ ಅಂದವರೇ ಹೆಚ್ಚು. ಸಾಗರದ ಕಡೆ ಹೆಣ್ಣುಮಕ್ಕಳು ಡೊಳ್ಳು ಕಟ್ಟಿಕೊಂಡು ಕುಣಿಯುವುದನ್ನು ನೋಡಿದ್ದೀರಲ್ಲ. ಅಷ್ಟು ಭಾರದ ಡೊಳ್ಳು ಹೊರುವ ಸೊಂಟ ನಮಗಿದೆ, ನಮ್ಮ ಕೈಗೆ ಮೃದಂಗ ಕೊಡಲು ಮಾತ್ರ ಜನಕ್ಕೆ ಅನುಮಾನ. ಮೂರು ದಿನದಲ್ಲಿ ಒಂದು ದಿನವಾದರೂ ತಾಳವಾದ್ಯ ಪೂರ್ತಿ ಹೆಂಗಸರ ಕೈಯಲ್ಲಿರಲಿ. ಹುಡುಕಿದರೆ ಸಿಗುತ್ತಾರೆ. ಹೆಸರನ್ನು ಗಾಯಕಿಯ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ.

ಇಷ್ಟು ಹೊತ್ತು ನಾನು ಶಾಸ್ತ್ರೀಯದವರ ಮಾತೇ ಆಡಿದೆ, ನನ್ನ ಕಸುಬು ಅದು. ನಿಮ್ಮ ಪತ್ರಿಕೆಯಲ್ಲಿ ಜನಪದದವರು ಎಲ್ಲಿದ್ದಾರೆ ಅಂತ ಹುಡುಕಿದೆ. ಬೆಳಿಗ್ಗೆ ಎಂಟಕ್ಕೆ, ಮೆರವಣಿಗೆಯಲ್ಲಿ! ಬಿಸಿಲಲ್ಲಿ ನಡೆಸಿಕೊಂಡು ಬಂದು, ಭವನದ ಬಾಗಿಲಲ್ಲಿ ಉಪ್ಪಿಟ್ಟು ಕೊಟ್ಟು ಕಳಿಸುವ ಯೋಜನೆ. ಬೇಡ. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನೆಸಿಕೊಳ್ಳಿ. ಹಾಲಕ್ಕಿ ಹಾಡುಗಳ ಭಂಡಾರವನ್ನೇ ತಲೆಯಲ್ಲಿ ಇಟ್ಟುಕೊಂಡಿದ್ದವರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಹೋಗಿಬಿಟ್ಟರು. ಅವರು ಬರೀ ಹಾಡಿದವರಲ್ಲ. ತಮ್ಮ ಜನ ಸಾರಾಯಿಗೆ ಬಿದ್ದು ಹಾಳಾಗುವುದನ್ನು ಕಂಡು, ತಮ್ಮ ಮನೆಯಲ್ಲೇ ಅದರ ಪೆಟ್ಟು ತಿಂದು, ಊರ ಹೆಂಗಸರನ್ನು ಸೇರಿಸಿಕೊಂಡು ಅದರ ವಿರುದ್ಧ ನಿಂತವರು. ಹಾಡು ಬೇರೆ, ಹೋರಾಟ ಬೇರೆ ಅಂತ ಅವರಿಗೆ ಅನ್ನಿಸಿರಲಿಲ್ಲ. ಸಂಡೂರು ಕಡೆಯ ದರೋಜಿ ಈರಮ್ಮ ಅಕ್ಷರ ಕಲಿಯದೆ ರಾತ್ರಿಗಟ್ಟಲೆ ಬುರ್ರಕಥೆ ಹೇಳುತ್ತಿದ್ದರು. ಅಂಥವರಿಗೆ ಹತ್ತು ನಿಮಿಷದ ಮೆರವಣಿಗೆಯೇ? ಒಂದು ಪೂರ್ತಿ ಸಂಜೆ ಕೊಡಿ. ಕತೆಯೊಂದು ತಾನಾಗಿ ಮುಗಿಯುವವರೆಗೆ ಮುಂದೆ ಕೂತು ಕೇಳಿ. ಚಿಟಿಕೆ ಹೊಡೆದು ‘ಟೈಮಾಯ್ತು’ ಅನ್ನುವ ನಿರೂಪಕನನ್ನು ಅವತ್ತು ರಜೆ ಮೇಲೆ ಕಳಿಸಿ.

ನಿರೂಪಣೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಚೌಡಿಕೆ ಪದ ಹಾಡುವ ಅಜ್ಜಿಯರನ್ನು ಸವದತ್ತಿ ಕಡೆಯಿಂದ ಕರೆಸುವ ಆಸೆ ಇದೆ ಅಂದಿರಿ. ಒಳ್ಳೆಯದು. ಆದರೆ ಅವರು ಬಾಯಿ ತೆರೆಯುವ ಮೊದಲೇ ‘ಇವರ ಬದುಕು ಕಣ್ಣೀರಿನ ಕಥೆ’ ಅಂತ ಮೈಕಿನಲ್ಲಿ ಶುರುಮಾಡಬೇಡಿ. ಸಭಿಕರು ಉಸ್ಸೆಂದು ಲೊಚಗುಟ್ಟುತ್ತಾರೆ, ಆಮೇಲೆ ಹಾಡು ಯಾರ ಕಿವಿಗೂ ಬೀಳುವುದಿಲ್ಲ, ಕರುಣೆ ಅಡ್ಡ ಬರುತ್ತದೆ. ಯಾವ ಗಂಡಸು ವಿದ್ವಾಂಸರನ್ನಾದರೂ ಅವರ ಮನೆಯ ಕಷ್ಟ ಹೇಳಿ ಪರಿಚಯಿಸಿದ್ದನ್ನು ಕೇಳಿದ್ದೀರಾ? ಯಾರ ಹತ್ತಿರ ಕಲಿತರು, ಯಾವ ಮಟ್ಟು, ಯಾವ ವಾದ್ಯ ಅಂತ ಹೇಳಿ. ತಮ್ಮ ಬದುಕಿನ ಮಾತು ಆಡಬೇಕು ಅಂತ ಅವರಿಗೇ ಅನ್ನಿಸಿದರೆ ಅವರೇ ಆಡುತ್ತಾರೆ.

ತೃತೀಯ ಲಿಂಗದ ಜೋಗತಿಯರನ್ನು ಕರೆಯಬಹುದೇ, ಇದು ಮಹಿಳಾ ಉತ್ಸವ ಅಲ್ಲವೇ ಅಂತ ನಿಮ್ಮಲ್ಲಿ ಚರ್ಚೆಯಾಯಿತಂತೆ. ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರಲ್ಲಿ ಪದ್ಮಶ್ರೀ ಪಡೆದವರು. ರಾಷ್ಟ್ರಪತಿ ಭವನ ಕರೆದವರನ್ನು ನಮ್ಮ ಸಮುದಾಯ ಭವನ ಕರೆಯಬಾರದೇ? ಇದರ ಮೇಲೆ ಇನ್ನೊಂದು ಸಭೆ ಮಾಡಬೇಡಿ. ಕರೆಯಿರಿ.

ಎರಡನೆಯ ದಿನ ಬೆಳಿಗ್ಗೆ ವಿಚಾರಗೋಷ್ಠಿ ಇಟ್ಟಿದ್ದೀರಿ. ಅಲ್ಲಿ ನಾಗರತ್ನಮ್ಮನವರ ಬಗ್ಗೆ ಮಾತಾಡುವವರು ಯಾರಾದರೂ ಇದ್ದರೆ ಅವರಿಗೆ ನನ್ನದೊಂದು ಬಿನ್ನಹ: ಅವರನ್ನು ಭಕ್ತಶಿರೋಮಣಿ ಅಂತ ಮಾಡಿ ಗೋಡೆಗೆ ತಗುಲಿಹಾಕಬೇಡಿ. ಅವರು 1910ರಲ್ಲಿ ಮುದ್ದುಪಳನಿ ಅನ್ನುವ ತೆಲುಗು ಕವಯಿತ್ರಿಯ ರಾಧಿಕಾ ಸಾಂತ್ವನಮು ಕಾವ್ಯವನ್ನು, ಹಿಂದಿನವರು ಕತ್ತರಿಸಿದ್ದ ಪದ್ಯಗಳನ್ನೂ ಸೇರಿಸಿ, ಅಚ್ಚು ಹಾಕಿಸಿದರು. ಹೆಣ್ಣು ಶೃಂಗಾರ ಬರೆದರೆ ಅಶ್ಲೀಲ ಅಂತ ದೊಡ್ಡ ಗದ್ದಲವಾಯಿತು, ಸರ್ಕಾರ ಪುಸ್ತಕವನ್ನೇ ನಿಷೇಧಿಸಿತು. ಗಂಡಸು ಕವಿಗಳು ಬರೆದಾಗ ಇಲ್ಲದ ಮಡಿ ಈಗೇಕೆ ಅಂತ ಆಕೆ ಕೇಳಿದ್ದರು. ಅದೇ ಹೆಂಗಸು, ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿ ನಿಲ್ಲಬೇಕು ಅಂತ ಮದರಾಸು ಶಾಸನಸಭೆಯಲ್ಲಿ ದನಿ ಎತ್ತಿದಾಗ, ಅದನ್ನು ವಿರೋಧಿಸಿ ದೇವದಾಸಿಯರ ಸಂಘದ ಮುಂದೆ ನಿಂತರು. ನಮ್ಮ ಕಲೆ, ನಮ್ಮ ಆಸ್ತಿಯ ಹಕ್ಕು, ನಮ್ಮ ಮಾನ ಎಲ್ಲವನ್ನೂ ಒಂದೇ ಏಟಿಗೆ ಒರೆಸಿಹಾಕಬೇಡಿ ಅನ್ನುವುದು ಅವರ ವಾದ. ಎಳೆ ಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವುದು ನಿಲ್ಲಲೇಬೇಕಿತ್ತು ಅನ್ನುವುದು ಮುತ್ತುಲಕ್ಷ್ಮಿಯವರ ವಾದ. ನಾನು ಮುತ್ತುಲಕ್ಷ್ಮಿಯವರ ಕಡೆ. 1982ರಲ್ಲಿ ಕರ್ನಾಟಕದಲ್ಲೂ ಅದಕ್ಕೆ ಕಾಯ್ದೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ನಾಗರತ್ನಮ್ಮನವರ ಪ್ರಶ್ನೆಯನ್ನು ಕೇಳಿಸಿಕೊಳ್ಳದೆ ನನ್ನ ಕಡೆಯನ್ನು ಆರಿಸಿಕೊಂಡಿದ್ದರೆ ಅದು ಸೋಮಾರಿತನವಾಗುತ್ತಿತ್ತು. ಗೋಷ್ಠಿಯಲ್ಲಿ ಈ ಜಗಳ ನಡೆಯಲಿ. ಎಲ್ಲರೂ ಒಂದೇ ರಾಗ ಹಾಡುವ ಗೋಷ್ಠಿಗೆ ಜನ ಬರುವುದು ಊಟಕ್ಕೆ ಮಾತ್ರ.

ಈಗ ದುಡ್ಡು. ನೀವು ಸಂಕೋಚಪಡುತ್ತಿರುವುದು ಪತ್ರದಲ್ಲೇ ಕಾಣುತ್ತದೆ. ‘ಸೇವಾರ್ಥವಾಗಿ ಹಾಡಲು ಒಪ್ಪಿದ್ದಾರೆ’ ಅಂದಿದ್ದೀರಿ. ಪೆಂಡಾಲಿನವನು ಸೇವಾರ್ಥವಾಗಿ ಬರುತ್ತಾನೆಯೇ? ಅಡುಗೆಯವರು? ಜನರೇಟರ್ ಬಾಡಿಗೆ? ಹಾಗಾದರೆ ಹಾಡುವವಳೊಬ್ಬಳೇ ಯಾಕೆ ಸೇವೆ ಮಾಡಬೇಕು? ಹೆಂಗಸರ ಕೆಲಸಕ್ಕೆ ಸಂಬಳವಿಲ್ಲ ಅನ್ನುವ ಹಳೇ ಪಾಠವನ್ನೇ ನೀವು ಹೊಸ ಬ್ಯಾನರಿನ ಕೆಳಗೆ ಮತ್ತೆ ಓದಿದ ಹಾಗಾಗುತ್ತದೆ. ಕರೆಯುವಾಗಲೇ ಸಂಭಾವನೆ ಇಷ್ಟು ಅಂತ ಕಾಗದದಲ್ಲಿ ಬರೆಯಿರಿ. ಪಕ್ಕವಾದ್ಯದವರಿಗೆ ಎಷ್ಟು ಅಂತಲೂ ಬೇರೆಯಾಗಿ ಬರೆಯಿರಿ. ಹಳ್ಳಿಯಿಂದ ಬರುವ ತಂಡಕ್ಕೆ ಮುಖಂಡನ ಕೈಗೆ ಒಟ್ಟು ಕೊಡದೆ ಒಬ್ಬೊಬ್ಬರ ಕೈಗೂ ಕೊಡಿ, ಇಲ್ಲವೇ ಒಬ್ಬೊಬ್ಬರ ಖಾತೆಗೂ ಹಾಕಿ. ಕಾರ್ಯಕ್ರಮ ಮುಗಿದ ದಿನವೇ ಆಗಲಿ. ಸ್ಮರಣಿಕೆ, ಹಣ್ಣಿನ ಬುಟ್ಟಿ, ಶಾಲು ಇವುಗಳಿಗೆ ಇಟ್ಟ ಹಣವನ್ನು ಅತ್ತ ತಿರುಗಿಸಿ. ಯಾವ ಕಲಾವಿದೆಯ ಮನೆಯ ಶೋಕೇಸಿನಲ್ಲೂ ಇನ್ನು ಜಾಗವಿಲ್ಲ.

ದಾನಿಗಳನ್ನು ಆರಿಸುವಾಗ ಎಚ್ಚರ. ಹೆಂಗಸರಿಗೆ ಸಾಲ ಕೊಟ್ಟು, ಕಂತು ತಪ್ಪಿದರೆ ಮನೆ ಬಾಗಿಲಲ್ಲಿ ಕೂರುವವರ ಕಾಟ ಎಷ್ಟಾಗಿತ್ತೆಂದರೆ 2025ರಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಅಂಥವರೂ ಬ್ಯಾನರ್ ಹಾಕಿಸಲು ಖುಷಿಯಿಂದ ಬರುತ್ತಾರೆ. ವೇದಿಕೆಯ ಹಿಂದೆ ಅವರ ಹೆಸರು, ವೇದಿಕೆಯ ಮುಂದೆ ಅವರ ಸಾಲಗಾರ್ತಿಯರು ಕೂತು ಸೋಬಾನೆ ಕೇಳುವುದು ಬೇಡ. ಊರಿನ ಒಂದೊಂದು ಮನೆಯಿಂದ ನೂರು ಇನ್ನೂರು ಎತ್ತಿ. ಹಣ ಕೊಟ್ಟವರು ಕೇಳಲು ಬಂದೇ ಬರುತ್ತಾರೆ.

ರೆಕಾರ್ಡಿಂಗ್ ಬಗ್ಗೆ ನನಗಿಂತ ನಿಮಗೆ ಹೆಚ್ಚು ಗೊತ್ತು. ಆದರೂ ಒಂದು ಮಾತು: ಅಜ್ಜಿಯೊಬ್ಬರು ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದು, ಅವರನ್ನು ಕೇಳದೆ ಯೂಟ್ಯೂಬಿಗೆ ಹಾಕಿ, ಆಮೇಲೆ ಯಾರೋ ಅದಕ್ಕೆ ಡ್ರಮ್ಸ್ ಸೇರಿಸಿ ತಮ್ಮ ಹೆಸರು ಹಾಕಿಕೊಳ್ಳುವುದು ನಡೆದೇ ಇದೆ. ಕೇಳಿ, ಒಪ್ಪಿಗೆ ತೆಗೆದುಕೊಳ್ಳಿ, ಹಾಡಿನ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಅವರ ಮನೆಗೆ ಮುಟ್ಟಿಸಿ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಕಾಗದದಲ್ಲಿ ಏನಿದೆ ಅಂತ ಅವರ ಮಗಳಿಗೋ ಮೊಮ್ಮಗಳಿಗೋ ಓದಿ ಹೇಳಿ.

ನೀವು ಮುಂದಿನ ವರ್ಷವೂ ಮಾಡುತ್ತೀರಾ ಅಂತ ಊರಲ್ಲಿ ಕೆಲವರು ಈಗಲೇ ಕೇಳಲು ಶುರುಮಾಡಿದ್ದಾರೆ. ‘ನೋಡೋಣ’ ಅನ್ನಬೇಡಿ. ಉತ್ಸಾಹ ಒಂದು ವರ್ಷ ಬರುತ್ತದೆ. ನಿಮ್ಮಲ್ಲಿ ಒಬ್ಬಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಇನ್ನೊಬ್ಬಳ ಮದುವೆಯಾಗುತ್ತದೆ, ಹುಡುಗರು ಚುನಾವಣೆ ಅಂತ ಹೋಗುತ್ತಾರೆ. ಆಗ ಉತ್ಸವವನ್ನು ಎತ್ತಿಕೊಳ್ಳಲು ಊರಿನ ಯಾರಾದರೂ ದೊಡ್ಡ ಮನುಷ್ಯರು ಮುಂದೆ ಬರುತ್ತಾರೆ, ಪ್ರೀತಿಯಿಂದಲೇ ಬರುತ್ತಾರೆ. ಮೂರನೆಯ ವರ್ಷಕ್ಕೆ ಅದು ಅವರ ತಂದೆಯ ಸ್ಮರಣಾರ್ಥ ಉತ್ಸವವಾಗಿರುತ್ತದೆ, ಹೆಂಗಸರು ಮತ್ತೆ ಪ್ರಾರ್ಥನೆಗೆ ಬಂದಿರುತ್ತಾರೆ. ಆದ್ದರಿಂದ ಸಂಘವೊಂದನ್ನು ನೋಂದಾಯಿಸಿ. ಕಾರ್ಯಕಾರಿ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೆಂಗಸರು, ಅದರಲ್ಲೂ ಹಾಡುವ, ನುಡಿಸುವ ಹೆಂಗಸರು ಇರಲೇಬೇಕು ಅಂತ ನಿಯಮಾವಳಿಯಲ್ಲೇ ಬರೆಯಿಸಿ. ಬ್ಯಾಂಕಿನ ಚೆಕ್ಕಿಗೆ ಸಹಿ ಮಾಡುವ ಇಬ್ಬರಲ್ಲಿ ಒಬ್ಬರಾದರೂ ಅವರಾಗಿರಲಿ. ಲೆಕ್ಕಪತ್ರವನ್ನು ಪ್ರತಿ ವರ್ಷ ಉತ್ಸವದ ಮೊದಲ ದಿನ ಗೋಡೆಗೆ ಅಂಟಿಸಿ.

ನಮ್ಮ ರಾಜ್ಯದ 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಜನ ಬೇಕು. ನೀವು ಈಗ ಐದು ಜನ ಇದ್ದೀರಿ. ಉಳಿದ ಇಬ್ಬರನ್ನು ಪುರಸಭೆ ಸದಸ್ಯರ ಮನೆಯಲ್ಲಿ ಹುಡುಕಬೇಡಿ. ಕೆರೆ ಹಿಂದಿನ ಬೀದಿಯಲ್ಲಿ ಸೋಬಾನೆ ಹೇಳುವ ಹೆಂಗಸರಿದ್ದಾರೆ, ಬಸ್ ಸ್ಟ್ಯಾಂಡಿನ ಹತ್ತಿರ ತಬಲಾ ಪಾಠ ಹೇಳುವ ಹುಡುಗಿಯೊಬ್ಬಳಿದ್ದಾಳೆ. ಈ ಸೋಮವಾರದೊಳಗೆ ಅವರ ಮನೆಗಳಿಗೆ ಹೋಗಿ, ಕೂತು ಮಾತಾಡಿ, ಸದಸ್ಯರಾಗುತ್ತೀರಾ ಅಂತ ಕೇಳಿ ಬನ್ನಿ.